ಮನೆಯ ಮೊಲ ಅಗಲಿದಾಗ

ಶ್ರೀಮಠದ ಮಾಸಪತ್ರಿಕೆಯ ಆರೋಗ್ಯ ವಿಭಾಗದಲ್ಲಿ ಮೊಲದ ಮಾತೇಕೆ ಎಂದು ಕೆಲವು ಸದ್ಭಕ್ತರು ಹುಬ್ಬೇರಿಸಬಹುದು. ಮಧುಮೇಹ, ಸಂಧಿವಾತ, ಆಮ್ಲಪಿತ್ತಗಳ ವಿಚಾರವಾಗಿ ಇದೇ ಪುಟಗಳಲ್ಲಿ ನಾವು ಅನೇಕ ಸಲ ಬರೆದಿದ್ದೇವೆ. ಆದರೆ ಈಚಿನ ಕೆಲವು ವರ್ಷಗಳಲ್ಲಿ ನಮ್ಮ ಚಿಕಿತ್ಸಾಲಯಕ್ಕೆ ಬರುವವರ ಪೈಕಿ, ಸಾಕಿದ ಪ್ರಾಣಿಯೊಂದು ತೀರಿಕೊಂಡ ಬಳಿಕ ನಿದ್ರೆ ಕೆಟ್ಟವರು, ಹಸಿವೆ ಇಂಗಿದವರು, ಕಾರಣ ತಿಳಿಯದ ಹೊಟ್ಟೆನೋವಿನಿಂದ ಬಳಲುವ ಮಕ್ಕಳು ಕಾಣಿಸತೊಡಗಿದ್ದಾರೆ. ಬಂದವರು ನಿಜವಾದ ಕಾರಣವನ್ನು ಮೊದಲಿಗೆ ಹೇಳುವುದಿಲ್ಲ. ನಾಡಿ ನೋಡಿ, ನಾಲಗೆ ನೋಡಿ, ಹತ್ತು ಪ್ರಶ್ನೆ ಕೇಳಿದ ಮೇಲೆ, ತಲೆ ತಗ್ಗಿಸಿ, ‘ಮನೆಯಲ್ಲೊಂದು ಮೊಲ ಇತ್ತು ಡಾಕ್ಟರೇ, ಹೋಗಿಬಿಟ್ಟಿತು’ ಎನ್ನುತ್ತಾರೆ. ಹೇಳಿದ ಕೂಡಲೇ ತಾವೇ ನಕ್ಕು, ‘ಅದೇನು ದೊಡ್ಡ ಮಾತಲ್ಲ ಬಿಡಿ’ ಎಂದು ಮುಚ್ಚಿಹಾಕುತ್ತಾರೆ. ಆ ನಗೆಯ ವಿಚಾರವಾಗಿಯೇ ಇಂದು ಬರೆಯಬೇಕಾಗಿದೆ. ಬರೆಯುವುದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಮನೆಯಲ್ಲಿಯೂ ಇಂಥದೊಂದು ಸಾವು ಸಂಭವಿಸಿತು, ಮತ್ತು ಅದರಲ್ಲಿ ನಮ್ಮ ತಪ್ಪಿನ ಪಾಲು ದೊಡ್ಡದಾಗಿತ್ತು.

ನಮ್ಮ ಮೊಮ್ಮಗಳು ನಾಲ್ಕನೆಯ ಇಯತ್ತೆಯಲ್ಲಿ ಓದುತ್ತಿದ್ದಾಗ ಅವಳ ಹಟಕ್ಕೆ ಮಣಿದು ಎರಡು ಹೆಣ್ಣು ಮೊಲಗಳನ್ನು ತಂದೆವು. ಒಂದು ಅಚ್ಚ ಬಿಳಿ, ಕೆಂಪು ಕಣ್ಣಿನದು. ಅದಕ್ಕೆ ‘ಅರಳೆ’ ಎಂದು ಹೆಸರಿಟ್ಟಳು. ಇನ್ನೊಂದು ಬೂದು ಬಣ್ಣದ್ದು, ‘ಎಳ್ಳು’. ಎರಡು ವರ್ಷ ಅವು ನಮ್ಮ ಪಡಸಾಲೆಯಲ್ಲಿ ಬೆಳೆದವು. ಯುಗಾದಿಗೆ ಎರಡು ವಾರ ಮುಂಚೆ, ಬಿಸಿಲು ಏರುತ್ತಿದ್ದ ದಿನಗಳಲ್ಲಿ, ಒಂದು ಬೆಳಿಗ್ಗೆ ಅರಳೆ ಹುಲ್ಲು ಮುಟ್ಟಲಿಲ್ಲ. ಹಿಕ್ಕೆಯೂ ಇರಲಿಲ್ಲ. ಸೊಸೆ ಬಂದು, ‘ಮಾವನವರೇ, ಇದು ನಿನ್ನೆ ರಾತ್ರಿಯಿಂದ ಏನನ್ನೂ ತಿಂದಿಲ್ಲ, ಪಶುವೈದ್ಯರಿಗೆ ತೋರಿಸೋಣವೇ?’ ಎಂದು ಕೇಳಿದಳು. ನಾವು ಪತ್ರಿಕೆಯಿಂದ ತಲೆಯೆತ್ತದೆ, ‘ಅಜೀರ್ಣವಾಗಿರಬೇಕು, ಒಂದು ದಿನ ಉಪವಾಸವಿದ್ದರೆ ತಾನೇ ಸರಿಹೋಗುತ್ತದೆ. ಲಂಘನವೇ ಪರಮೌಷಧ’ ಎಂದು ಹೇಳಿದೆವು. ಸಾಯಂಕಾಲದ ಹೊತ್ತಿಗೆ ಅದು ಮೈಮುದುಡಿ, ಹಲ್ಲು ಕಡಿಯುತ್ತ ಮೂಲೆಯಲ್ಲಿ ಕುಳಿತಿತ್ತು. ಮರುದಿನ ಬೆಳಗಿನ ಜಾವಕ್ಕೆ ಇರಲಿಲ್ಲ.

ನಲವತ್ತು ವರ್ಷ ವೈದ್ಯವೃತ್ತಿ ನಡೆಸಿದವರು ಮಾಡಬಾರದಾಗಿದ್ದ ತಪ್ಪಿದು. ಮನುಷ್ಯನ ಅಜೀರ್ಣಕ್ಕೆ ಲಂಘನ ಹಿತವೆಂಬುದು ನಿಜ. ಮೊಲದ ಶರೀರರಚನೆಗೆ ಅದು ವಿಷಪ್ರಾಯ. ಮೊಲದ ಕರುಳು ಸದಾ ಚಲಿಸುತ್ತಲೇ ಇರಬೇಕಾದ ಯಂತ್ರ. ನಾರಿನಂಶ ಹೇರಳವಾಗಿರುವ ಹುಲ್ಲು ಒಂದೇ ಸಮನೆ ಒಳಗೆ ಹೋಗುತ್ತಿದ್ದರೆ ಮಾತ್ರ ಆ ಚಲನೆ ಉಳಿಯುತ್ತದೆ. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವೆಡೆಯಲ್ಲಿ ಅದಕ್ಕೊಂದು ದೊಡ್ಡ ಚೀಲವುಂಟು. ಅಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಕೊಳೆಯಿಸಿ ಪೋಷಕಾಂಶವನ್ನಾಗಿ ಮಾಡುತ್ತವೆ. ಆ ಚೀಲದಿಂದ ಬರುವ ಮೃದುವಾದ ಹಿಕ್ಕೆಯನ್ನು ಮೊಲವು ಮತ್ತೆ ತಿನ್ನುತ್ತದೆ. ಕಂಡವರಿಗೆ ಹೇಸಿಗೆಯೆನಿಸಿದರೂ ಅದು ಅದರ ಆಹಾರಕ್ರಮದ ಅಂಗವೇ ಹೊರತು ರೋಗವಲ್ಲ. ತಿನ್ನುವುದು ನಿಂತರೆ ಕರುಳು ನಿಲ್ಲುತ್ತದೆ, ವಾಯು ತುಂಬುತ್ತದೆ, ನೋವಿನಿಂದ ಇನ್ನಷ್ಟು ತಿನ್ನದಾಗುತ್ತದೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೂ ಇಲ್ಲ. ಆದಕಾರಣ ಹತ್ತು ಹನ್ನೆರಡು ಗಂಟೆ ಕಾಲ ಮೊಲ ಆಹಾರ ಮುಟ್ಟದಿದ್ದರೆ, ಹಿಕ್ಕೆ ಹಾಕದಿದ್ದರೆ, ಅದು ತುರ್ತು ಸ್ಥಿತಿಯೆಂದೇ ಭಾವಿಸಿ ಪಶುವೈದ್ಯರಲ್ಲಿಗೆ ಧಾವಿಸಬೇಕು. ಮಗ್ಗುಲಿನ ಊರಿನ ಪಶುವೈದ್ಯರು ಆಮೇಲೆ ನಮಗೆ ಹೇಳಿದ್ದು ಇದನ್ನೇ: ಬಿಸಿಲಿನ ತಾಪ, ಹುಲ್ಲಿಗಿಂತ ಹೆಚ್ಚಾಗಿ ಗಜ್ಜರಿ ಮತ್ತು ರೊಟ್ಟಿಯ ಚೂರು ತಿನ್ನಿಸಿದ್ದು, ಎರಡೂ ಸೇರಿ ಕರುಳು ನಿಂತಿರಬೇಕು, ಅದೇ ದಿನ ತಂದಿದ್ದರೆ ದ್ರವಾಂಶ ಕೊಟ್ಟು, ನೋವು ಇಳಿಸಿ, ಪ್ರಯತ್ನಿಸಬಹುದಾಗಿತ್ತು.

ಇದಾದ ಮೇಲೆ ಹಿರಿಯರಾದ ನಾವು ಮತ್ತೂ ಮೂರು ತಪ್ಪು ಮಾಡಿದೆವು. ಅಂದು ಮೊಮ್ಮಗಳಿಗೆ ಪರೀಕ್ಷೆಯಿತ್ತು. ಏಳುವ ಮುನ್ನವೇ ಅರಳೆಯನ್ನು ಹಿತ್ತಲಲ್ಲಿ ಮಣ್ಣು ಮಾಡಿಸಿದೆವು. ‘ಅದಕ್ಕೆ ಮೈಯಲ್ಲಿ ಚೆನ್ನಾಗಿರಲಿಲ್ಲ, ಹೊಲದ ಮನೆಗೆ ಕಳುಹಿಸಿದ್ದೇವೆ’ ಎಂದು ಹೇಳಿದೆವು. ಮೂರನೆಯ ದಿನ ಸಂತೆಯಿಂದ ಅದೇ ಬಣ್ಣದ ಮರಿಯೊಂದನ್ನು ತಂದು ಅವಳ ಮಡಿಲಲ್ಲಿಟ್ಟೆವು. ಅವಳು ಅದನ್ನು ಮುಟ್ಟಲಿಲ್ಲ. ಎಳ್ಳಂತೂ ಆ ಮರಿಯ ಕಿವಿ ಕಚ್ಚಿ ರಕ್ತ ಬರಿಸಿತು. ನಾಲ್ಕು ದಿನ ಕಳೆದು ಆ ಮರಿಯನ್ನು ಪರಿಚಯದವರ ಮನೆಗೆ ಕೊಟ್ಟೆವು.

ಅದೇ ವಾರದಿಂದ ಮೊಮ್ಮಗಳಿಗೆ ಬೆಳಿಗ್ಗೆ ಹೊಟ್ಟೆನೋವು ಮತ್ತು ಭೇದಿ ಆರಂಭವಾಯಿತು. ನಾವು ಕ್ರಿಮಿಯಿರಬೇಕೆಂದು ವಾಯುವಿಡಂಗ ಕೊಟ್ಟೆವು. ಗುಣ ಕಾಣಲಿಲ್ಲ. ಒಂದು ರಾತ್ರಿ ಅವಳ ಅಜ್ಜಿ ಅಂಗಾಲಿಗೆ ಎಣ್ಣೆ ತಿಕ್ಕುತ್ತಿರುವಾಗ ಅವಳು ನಮ್ಮ ಕಡೆ ತಿರುಗಿ, ‘ಅಜ್ಜಾ, ನಾ ಗಜ್ಜರಿ ಕೊಟ್ಟಿದ್ದಕ್ಕ ಅದು ಸತ್ತು ಹೋತೇನು?’ ಎಂದು ಕೇಳಿದಳು. ಹೊಲದ ಮನೆಯ ಕಥೆಯನ್ನು ಅವಳು ಒಂದು ದಿನವೂ ನಂಬಿರಲಿಲ್ಲ. ಓಣಿಯ ಹುಡುಗರು ಮಣ್ಣು ಅಗೆದದ್ದನ್ನು ನೋಡಿ ಹೇಳಿದ್ದರು. ಸಾವು ಅವಳಿಗೆ ತಿಳಿದಿತ್ತು. ತಾನೇ ಕೊಂದೆನೆಂಬ ಭಾರವನ್ನು ಹನ್ನೆರಡು ದಿನ ಒಬ್ಬಳೇ ಹೊತ್ತಿದ್ದಳು.

ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಅತಿಸಾರದ ಆರು ಬಗೆಗಳನ್ನು ಹೇಳುವಾಗ ಭಯದಿಂದ ಹುಟ್ಟುವುದೊಂದು, ಶೋಕದಿಂದ ಹುಟ್ಟುವುದೊಂದು ಎಂದು ಬೇರೆಯಾಗಿಯೇ ಎಣಿಸಲಾಗಿದೆ. ವಿದ್ಯಾರ್ಥಿದೆಸೆಯಲ್ಲಿ ಅದನ್ನು ನಾವು ಕಂಠಪಾಠ ಮಾಡಿದ್ದೆವು. ಚಿಕಿತ್ಸೆಯೆಂದು ಅಲ್ಲಿ ವಾತವನ್ನು ಶಮನಗೊಳಿಸುವ ಕ್ರಮವನ್ನೂ, ಅದರ ಜೊತೆಗೆ ಹರ್ಷಗೊಳಿಸುವುದನ್ನೂ ಧೈರ್ಯ ತುಂಬುವುದನ್ನೂ ವಿಧಿಸಿದೆ. ಎದುರಿಗೇ ಕುಳಿತ ಶೋಕಾತಿಸಾರವನ್ನು ಬಿಟ್ಟು ನಾವು ಕ್ರಿಮಿಯನ್ನು ಹುಡುಕುತ್ತಿದ್ದೆವು. ಇಂದಿನ ವೈದ್ಯವಿಜ್ಞಾನವೂ ಮೆದುಳಿಗೂ ಕರುಳಿಗೂ ನರಗಳ ಮೂಲಕ ಇರುವ ನಿಕಟ ಸಂಬಂಧವನ್ನು ಒಪ್ಪುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ಮಕ್ಕಳು ಪದೇ ಪದೇ ಶೌಚಕ್ಕೆ ಓಡುವುದನ್ನು ಕಂಡ ತಾಯಂದಿರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಅಂದು ರಾತ್ರಿ ನಾವು ಅವಳಿಗೆ ಇದ್ದುದನ್ನು ಇದ್ದಂತೆ ಹೇಳಿದೆವು. ಗಜ್ಜರಿ ಹೆಚ್ಚಾದದ್ದು ನಿಜ, ಆದರೆ ಅದನ್ನು ಮನೆಮಂದಿಯೆಲ್ಲ ಕೊಟ್ಟಿದ್ದೆವು, ಕೊಡಬಾರದೆಂದು ತಿಳಿದಿರಬೇಕಾದವರು ದೊಡ್ಡವರು, ನಿನ್ನ ತಾಯಿ ವೈದ್ಯರಿಗೆ ತೋರಿಸೋಣವೆಂದಳು, ಬೇಡವೆಂದವರು ಈ ಅಜ್ಜ, ತಪ್ಪು ನಮ್ಮದು. ಅವಳು ಬಹಳ ಹೊತ್ತು ಅತ್ತಳು. ನಡುವೆ ಒಮ್ಮೆ ಸಿಟ್ಟಿನಿಂದ ನಮ್ಮ ಕೈಯನ್ನು ತಳ್ಳಿದಳು. ಆ ಸಿಟ್ಟಿಗೆ ನ್ಯಾಯವಿತ್ತು. ಮರುದಿನ ಹಿತ್ತಲಿನ ನುಗ್ಗೆಯ ಮರದ ಕೆಳಗೆ ಕರೆದುಕೊಂಡು ಹೋಗಿ ಸ್ಥಳ ತೋರಿಸಿದೆವು. ಅವಳೇ ಒಂದು ಚಪ್ಪಟೆ ಕಲ್ಲು ಹೊತ್ತು ತಂದಿಟ್ಟು, ಸೀಮೆಸುಣ್ಣದಿಂದ ಹೆಸರು ಬರೆದಳು. ಹೊಟ್ಟೆನೋವು ಒಂದೇ ದಿನದಲ್ಲಿ ಮಾಯವಾಯಿತೆಂದು ಹೇಳಿದರೆ ಅದು ಕಥೆಯಾದೀತು. ಸುಮಾರು ಹತ್ತು ದಿನಗಳಲ್ಲಿ ಕ್ರಮೇಣ ಇಳಿಯಿತು.

ಇನ್ನು ದೊಡ್ಡವರ ದುಃಖದ ವಿಚಾರ. ಮನುಷ್ಯರು ತೀರಿಕೊಂಡಾಗ ನಮ್ಮಲ್ಲಿ ಬಂಧುಗಳು ಕೂಡುತ್ತಾರೆ, ನೆರೆಯವರು ಅಡುಗೆ ಮಾಡಿ ತಂದುಕೊಡುತ್ತಾರೆ, ಕೆಲಸಕ್ಕೆ ರಜೆ ಸಿಗುತ್ತದೆ. ಮೊಲ ಸತ್ತರೆ ಇವೊಂದೂ ಇಲ್ಲ. ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ ಅವರು 1989ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ, ಸಮಾಜ ಮನ್ನಣೆ ನೀಡದ ಇಂಥ ಶೋಕಕ್ಕೆ ಪ್ರತ್ಯೇಕವಾದ ಹೆಸರನ್ನೇ ಕೊಟ್ಟರು. ದುಃಖ ಚಿಕ್ಕದಾದುದರಿಂದ ಮುಚ್ಚಿಡುವುದಲ್ಲ, ಮುಚ್ಚಿಡಬೇಕಾಗಿರುವುದರಿಂದಲೇ ಅದು ಭಾರವಾಗುತ್ತದೆ. ನಮ್ಮಲ್ಲಿಗೆ ಬರುವ ಒಬ್ಬ ವೃದ್ಧೆಯ ಮಕ್ಕಳಿಬ್ಬರೂ ವಿದೇಶದಲ್ಲಿದ್ದಾರೆ. ಮೊಮ್ಮಗ ರಜೆಗೆ ಬಂದಾಗ ತಂದು ಬಿಟ್ಟುಹೋದ ಮೊಲವೊಂದು ಆರು ವರ್ಷ ಆ ತಾಯಿಯ ಜೊತೆಗಿತ್ತು. ಬೆಳಗಿನ ಐದು ಗಂಟೆಗೆ ಅದು ಪಂಜರದ ಬಾಗಿಲು ಕೆರೆಯುವ ಸಪ್ಪಳಕ್ಕೆ ಅವರು ಏಳುತ್ತಿದ್ದರು. ಅದು ಹೋದ ಮೇಲೂ ಐದಕ್ಕೇ ಎಚ್ಚರವಾಗುತ್ತದೆ, ಎದ್ದು ಮಾಡುವುದೇನೆಂದು ತಿಳಿಯುವುದಿಲ್ಲ ಎಂದರು. ‘ಗಂಡನನ್ನು ಕಳೆದುಕೊಂಡಾಗ ಅತ್ತಷ್ಟೇ ಇದಕ್ಕೂ ಅತ್ತೆ, ಇದು ಪಾಪವಲ್ಲವೇ?’ ಎಂದು ಅವರು ಕೇಳಿದ ಪ್ರಶ್ನೆಗೆ ನಾವು ಅಲ್ಲವೆಂದೇ ಉತ್ತರಿಸಿದೆವು. ದಿನಚರಿಯನ್ನು ಹಂಚಿಕೊಂಡ ಜೀವ ಇಲ್ಲವಾದಾಗ ದಿನಚರಿಯೇ ಮುರಿಯುತ್ತದೆ. ದುಃಖದ ಅಳತೆ ಹೋದ ಪ್ರಾಣಿಯ ಗಾತ್ರವನ್ನು ಅವಲಂಬಿಸಿರುವುದಿಲ್ಲ.

ಅಳುವ ವಿಚಾರದಲ್ಲಿ ಆಯುರ್ವೇದದ ಅಭಿಪ್ರಾಯ ಬಹು ಸ್ಪಷ್ಟವಾದುದು, ಆದರೂ ಅನೇಕರಿಗೆ ತಿಳಿಯದು. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ ತಡೆಯಬಾರದ 13 ವೇಗಗಳನ್ನು ಹೇಳಿದೆ. ಮಲ, ಮೂತ್ರ, ಸೀನು, ಆಕಳಿಕೆ, ಹಸಿವೆ, ಬಾಯಾರಿಕೆ, ನಿದ್ರೆ ಮೊದಲಾದವುಗಳ ಸಾಲಿನಲ್ಲಿಯೇ ಕಣ್ಣೀರೂ ಇದೆ. ಕಣ್ಣೀರನ್ನು ತಡೆದರೆ ನೆಗಡಿ, ಕಣ್ಣಿನ ಬೇನೆ, ಹೃದಯದ ತೊಂದರೆ, ಅರುಚಿ, ತಲೆಸುತ್ತು ಉಂಟಾಗುತ್ತವೆಂದು ಅಲ್ಲಿ ಹೇಳಿದೆ. ಪರಿಹಾರವಾಗಿ ನಿದ್ರೆಯನ್ನೂ ಪ್ರಿಯವಾದ ಮಾತುಕತೆಯನ್ನೂ ಸೂಚಿಸಿದೆ. (ಅಲ್ಲಿ ಮದ್ಯದ ಹೆಸರೂ ಬರುತ್ತದೆ. ನಮ್ಮ ವಾಚಕರಿಗೆ ಅದರ ಅವಶ್ಯಕತೆಯಿಲ್ಲ, ಉಳಿದೆರಡು ಸಾಕು.) ಅದೇ ಅಧ್ಯಾಯದಲ್ಲಿಯೇ ಮುಂದೆ, ಲೋಭ, ಭಯ, ಕ್ರೋಧಗಳೊಡನೆ ಶೋಕವನ್ನು ಹಿಡಿತದಲ್ಲಿಡಬೇಕಾದ ವೇಗವೆಂದು ಹೇಳಿರುವುದು ಕೆಲವರಿಗೆ ವಿರೋಧವಾಗಿ ತೋರಬಹುದು. ವಿರೋಧವಿಲ್ಲ. ಕಣ್ಣೀರು ದೇಹದ ವೇಗ, ಅದಕ್ಕೆ ದಾರಿ ಬಿಡಬೇಕು. ಶೋಕ ಮನಸ್ಸಿನ ವೇಗ, ಅದರ ಕೈಗೆ ಮನೆಯ ಕೀಲಿಕೈ ಕೊಡಬಾರದು. ಅತ್ತು ಹಗುರಾಗಿ ಊಟಕ್ಕೆ ಕುಳಿತವರು ಎರಡನ್ನೂ ಪಾಲಿಸಿದಂತಾಯಿತು. ‘ಗಂಡಸು ಅಳಬಾರದು’ ಎಂದು ಹುಡುಗರನ್ನು ಗದರಿಸುವ ರೂಢಿ ನಮ್ಮಲ್ಲಿದೆಯಲ್ಲ, ಅದಕ್ಕೆ ಶಾಸ್ತ್ರದ ಆಧಾರ ನಮಗೆಲ್ಲಿಯೂ ದೊರೆತಿಲ್ಲ.

ಅದೇ ಸೂತ್ರಸ್ಥಾನದ 25ನೆಯ ಅಧ್ಯಾಯದಲ್ಲಿ ದೇಹವನ್ನು ಒಣಗಿಸುವವುಗಳಲ್ಲಿ ಶೋಕವೇ ಮೊದಲನೆಯದೆಂದು ಹೇಳಿದೆ. ಒಣಗುವಿಕೆ ವಾತದ ಲಕ್ಷಣ. ಆದುದರಿಂದ ದುಃಖದ ದಿನಗಳಲ್ಲಿ ಸ್ನಿಗ್ಧವೂ ಉಷ್ಣವೂ ಆದ ಆಹಾರವನ್ನು ಹೊತ್ತಿಗೆ ಸರಿಯಾಗಿ ಸೇವಿಸಬೇಕು. ಹಸಿವೆಯಿಲ್ಲವೆಂದು ಊಟ ಬಿಟ್ಟು ಚಹಾ ಕುಡಿಯುತ್ತ ಕೂಡುವುದು ಹಾನಿಕರ. ತುಪ್ಪ ಹಾಕಿದ ತೆಳ್ಳನೆಯ ಗಂಜಿ, ಹೆಸರುಬೇಳೆಯ ಕಟ್ಟು, ಮೃದುವಾದ ಅನ್ನ ಜೀರ್ಣಕ್ಕೂ ಸುಲಭ. ಬೆಳಿಗ್ಗೆ ಉಗುರುಬೆಚ್ಚಗಿನ ಎಳ್ಳೆಣ್ಣೆಯಿಂದ ಅಭ್ಯಂಗ, ರಾತ್ರಿ ಮಲಗುವ ಮುನ್ನ ಅಂಗಾಲಿಗೆ ಎಣ್ಣೆ, ಒಂದು ಲೋಟ ಬಿಸಿ ಹಾಲು, ಇಷ್ಟರಿಂದಲೇ ಬಹಳ ಜನರಿಗೆ ನಿದ್ರೆ ಮರಳುತ್ತದೆ. ದುಃಖಕ್ಕೆ ಲೇಹ್ಯ ಕೊಡಿರೆಂದು ಕೇಳಿಕೊಂಡು ಬರುವವರಿದ್ದಾರೆ. ಬ್ರಾಹ್ಮಿ, ಜಟಾಮಾಂಸಿಗಳನ್ನು ಅವರವರ ಪ್ರಕೃತಿ ನೋಡಿ ನಾವು ಕೊಡುವುದುಂಟು, ಆದರೆ ಅಂಗಡಿಯಿಂದ ತಾವೇ ತಂದು ಸೇವಿಸುವುದು ತರವಲ್ಲ. ರಕ್ತದೊತ್ತಡಕ್ಕೋ ನಿದ್ರೆಗೋ ಬೇರೆ ಔಷಧ ತೆಗೆದುಕೊಳ್ಳುತ್ತಿರುವವರಂತೂ ವೈದ್ಯರನ್ನು ಕೇಳದೆ ಏನನ್ನೂ ಸೇರಿಸಕೂಡದು. ಎರಡು ಮೂರು ವಾರ ಕಳೆದರೂ ನಿದ್ರೆ ಆಹಾರಗಳು ಸರಿಹೋಗದಿದ್ದರೆ, ಬದುಕೇ ಬೇಡವೆಂಬ ಆಲೋಚನೆ ಒಮ್ಮೆಯಾದರೂ ಸುಳಿದರೆ, ಅದನ್ನು ಮೊಲದ ದುಃಖವೆಂದು ತಳ್ಳಿಹಾಕದೆ ಮನೋವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸೇವೆ 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು.

ಮಕ್ಕಳಿಗೆ ಸಾವನ್ನು ತಿಳಿಸುವಾಗ ‘ಮಲಗಿಕೊಂಡಿದೆ’, ‘ಊರಿಗೆ ಹೋಗಿದೆ’ ಎನ್ನಬಾರದು. ಐದು ವರ್ಷದೊಳಗಿನ ಮಗು ಸತ್ತದ್ದು ಮರಳಿ ಬರುತ್ತದೆಂದೇ ನಂಬಿರುತ್ತದೆ. ಮಲಗಿದ ಮೊಲ ಏಳಲಿಲ್ಲವೆಂದು ತಿಳಿದ ಮಗು ತಾನು ಮಲಗುವುದಕ್ಕೇ ಹೆದರೀತು. ಎಂಟು ಒಂಬತ್ತು ವರ್ಷದ ಹೊತ್ತಿಗೆ ಸಾವು ಕೊನೆಯೆಂಬುದು ಬಹುತೇಕ ಮಕ್ಕಳಿಗೆ ಅರ್ಥವಾಗುತ್ತದೆ, ಆದರೆ ತನ್ನಿಂದಲೇ ಆಯಿತೇನೋ ಎಂಬ ಶಂಕೆ ಬೇಗ ಹುಟ್ಟುತ್ತದೆ. ‘ಅದು ಸತ್ತಿದೆ. ಅದರ ಉಸಿರು ನಿಂತಿದೆ. ಅದಕ್ಕೆ ಈಗ ನೋವಿಲ್ಲ, ಅದು ಮರಳಿ ಬರುವುದಿಲ್ಲ’ ಎಂದು ಸರಳವಾಗಿ ಹೇಳಿ, ಮಗು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸಬೇಕು. ಮಣ್ಣು ಮಾಡುವಾಗ ನೋಡಬಯಸುವ ಮಗುವನ್ನು ತಡೆಯಬಾರದು, ಒಲ್ಲೆನೆಂದ ಮಗುವನ್ನು ಬಲವಂತದಿಂದ ನಿಲ್ಲಿಸಲೂಬಾರದು. ಚಂದ್ರನಲ್ಲಿ ಮೊಲವಿದೆಯೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ, ಶಶಾಂಕನೆಂಬ ಹೆಸರೂ ಅದರಿಂದಲೇ ಬಂದುದು. ಹುಣ್ಣಿಮೆಯ ರಾತ್ರಿ ನಮ್ಮ ಮೊಮ್ಮಗಳು ತಾನಾಗಿಯೇ ಅತ್ತ ಬೆರಳು ತೋರಿದಾಗ ನಾವು ಸುಮ್ಮನಿದ್ದೆವು. ಮಗು ತಾನೇ ಕಟ್ಟಿಕೊಳ್ಳುವ ಸಮಾಧಾನ ಬೇರೆ, ನಾವು ಹೇಳುವ ಸುಳ್ಳು ಬೇರೆ.

ಮಣ್ಣು ಮಾಡುವ ಸ್ಥಳ ಬಾವಿಯಿಂದ, ಕೊಳವೆಬಾವಿಯಿಂದ ದೂರವಿರಬೇಕು. ಮೂರಡಿಯಷ್ಟು ಆಳ ತೋಡಿ, ಮೇಲೆ ಕಲ್ಲು ಹೇರಬೇಕು, ಇಲ್ಲವಾದರೆ ನಾಯಿಗಳು ಕೆದರುತ್ತವೆ. ಪ್ಲಾಸ್ಟಿಕ್ ಚೀಲ ಬೇಡ, ಹಳೆಯ ಹತ್ತಿಬಟ್ಟೆ ಸಾಕು. ಏಕಾಏಕಿ ಒಂದಕ್ಕಿಂತ ಹೆಚ್ಚು ಮೊಲಗಳು ಸತ್ತಿದ್ದರೆ ಮಾತ್ರ ಮಣ್ಣು ಮಾಡುವ ಮುನ್ನ ಪಶುವೈದ್ಯರಿಗೆ ತಿಳಿಸಬೇಕು, ಅದು ಸಾಂಕ್ರಾಮಿಕವಾಗಿರಬಹುದು.

ಉಳಿದ ಮೊಲವನ್ನು ಜನರು ಮರೆಯುತ್ತಾರೆ. ನಾವೂ ಮರೆತಿದ್ದೆವು. ಮೊಲ ಗುಂಪಿನಲ್ಲಿ ಬದುಕುವ ಪ್ರಾಣಿ. ಜೊತೆಗಾರ ಕಾಣೆಯಾದರೆ ಅದೂ ಮಂಕಾಗುತ್ತದೆ. ಅರಳೆ ಕುಳಿತಿರುತ್ತಿದ್ದ ಮೂಲೆಯಲ್ಲಿಯೇ ಎಳ್ಳು ಗಂಟೆಗಟ್ಟಲೆ ಕುಳಿತಿರುತ್ತಿತ್ತು, ಹಾಕಿದ ಹುಲ್ಲಿನಲ್ಲಿ ಅರ್ಧ ಉಳಿಸುತ್ತಿತ್ತು. ಸತ್ತ ಮೊಲದ ದೇಹವನ್ನು ಕೆಲಹೊತ್ತು ಜೊತೆಗಾರನ ಬಳಿ ಇರಿಸಿದರೆ ಅದು ಮೂಸಿ, ಸುತ್ತು ಹಾಕಿ, ಕೊನೆಗೆ ತಾನಾಗಿ ಸರಿಯುತ್ತದೆ, ಹುಡುಕಾಟ ಕಡಿಮೆಯಾಗುತ್ತದೆಂದು ಮೊಲ ಸಾಕಿ ಬಲ್ಲವರು ಹೇಳುತ್ತಾರೆ. ಸಾಂಕ್ರಾಮಿಕದ ಶಂಕೆಯಿದ್ದರೆ ಹಾಗೆ ಮಾಡಬಾರದು. ಅದೇನೇ ಇರಲಿ, ಉಳಿದ ಮೊಲ ತಿನ್ನುತ್ತಿದೆಯೇ, ಹಿಕ್ಕೆ ಎಂದಿನಂತೆ ಬೀಳುತ್ತಿದೆಯೇ ಎಂಬುದನ್ನು ಬೆಳಿಗ್ಗೆ ಸಾಯಂಕಾಲ ಎರಡೂ ಹೊತ್ತು ನೋಡಬೇಕು. ಬೇಟೆಗೆ ಗುರಿಯಾಗುವ ಪ್ರಾಣಿಯಾದ್ದರಿಂದ ಮೊಲ ತನ್ನ ರೋಗವನ್ನು ಕೊನೆಯವರೆಗೂ ಬಚ್ಚಿಡುತ್ತದೆ. ನಮ್ಮ ಕಣ್ಣಿಗೆ ರೋಗ ಕಾಣಿಸುವ ಹೊತ್ತಿಗೆ ಅದು ಬಲಿತಿರುತ್ತದೆ. ಈಗ ನಮ್ಮ ಸೊಸೆ ಹಿಕ್ಕೆಯ ಲೆಕ್ಕ ಬರೆದಿಡುತ್ತಾಳೆ. ನಾವು ಆ ವಿಷಯದಲ್ಲಿ ಅವಳ ಮಾತನ್ನು ಮೀರುವುದಿಲ್ಲ.

ಇನ್ನೊಂದು ಮೊಲ ತರಬೇಕೇ, ಯಾವಾಗ ತರಬೇಕು ಎಂಬ ಪ್ರಶ್ನೆಗೆ ಇಷ್ಟೇ ದಿನವೆಂಬ ನಿಯಮವಿಲ್ಲ. ಹೊಸದನ್ನು ಹಳೆಯದರ ಹೆಸರಿನಿಂದ ಕರೆಯಬೇಕೆನಿಸುತ್ತಿದ್ದರೆ ಸಮಯ ಇನ್ನೂ ಬಂದಿಲ್ಲ. ಹಳೆಯದರ ಮಾತನ್ನು ಊಟದ ಹೊತ್ತಿನಲ್ಲಿ ಸಹಜವಾಗಿ ಆಡಲು ಸಾಧ್ಯವಾದಾಗ, ಮತ್ತೆ ಒಂದು ಜೀವದ ಸೇವೆ ಮಾಡುವ ಹುಮ್ಮಸ್ಸು ತಾನಾಗಿ ಬಂದಾಗ ಯೋಚಿಸಬಹುದು. ತರದೆಯೂ ಇರಬಹುದು, ಅದರಲ್ಲಿ ಕುಂದೇನಿಲ್ಲ. ಮೇಲೆ ಹೇಳಿದ ವೃದ್ಧೆ ಬೇಡವೆಂದೇ ನಿರ್ಧರಿಸಿದರು. ಚೆನ್ನಾಗಿ ನೋಡಿಕೊಂಡರೆ ಮೊಲ 8ರಿಂದ 12 ವರ್ಷ ಬದುಕುತ್ತದೆ, ‘ನನ್ನ ವಯಸ್ಸಿಗೆ ಅಷ್ಟು ವರ್ಷದ ಭರವಸೆ ಕೊಡಲಾರೆ’ ಎಂದರು. ಈಗ ಐದು ಗಂಟೆಗೆ ಎದ್ದು ನೆರೆಮನೆಯ ಆಕಳಿಗೆ ಹುಲ್ಲು ಹಾಕಿ ಬರುತ್ತಾರೆ. ಹತ್ತು ವರ್ಷದ ಮಗುವಿಗೆ ಮೊಲ ತರುವವರೂ ಈ ಲೆಕ್ಕ ಹಾಕಬೇಕು. ಆ ಮಗು ಕಾಲೇಜಿಗೆ ಹೊರಟಾಗ ಮೊಲ ನಿಮ್ಮ ಪಾಲಿಗೆ ಬರುತ್ತದೆ.

ಮನೆ ಬಿಸಿಲಿಗೆ ಹೇಗಿದೆಯೆಂಬುದನ್ನು ಮೊದಲು ನೋಡಬೇಕು. ಮೊಲಕ್ಕೆ ಮನುಷ್ಯರಂತೆ ಬೆವರುವ ಸೌಲಭ್ಯವಿಲ್ಲ, ಬಹುಮಟ್ಟಿಗೆ ಕಿವಿಗಳ ಮೂಲಕವೇ ತಾಪವನ್ನು ಹೊರಹಾಕುತ್ತದೆ. 30 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅದಕ್ಕೆ ಅಪಾಯ, ಉತ್ತರ ಕರ್ನಾಟಕದ ಬೇಸಿಗೆಯಲ್ಲಿ 40ರ ಹತ್ತಿರ ಹೋಗುತ್ತದೆ. ತಗಡಿನ ಮಾಳಿಗೆಯ ಕೆಳಗೆ ಪಂಜರವಿಡುವವರು ಮೊಲ ಸಾಕದಿರುವುದೇ ಲೇಸು. ಮಣ್ಣಿನ ಗೋಡೆಯ ತಂಪು ಪಡಸಾಲೆ, ಒದ್ದೆ ಗೋಣಿಚೀಲದ ಮರೆ, ತಣ್ಣಗಾಗಿಸಿದ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡುವುದು, ಇವು ನಮಗೆ ಉಪಯೋಗವಾಗಿವೆ. ಆಹಾರದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು: ಒಣಹುಲ್ಲು, ತೊಳೆದ ಗರಿಕೆ. ಅದರ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುವುದರಿಂದ, ಹುಲ್ಲು ಅಗಿಯುವುದರಿಂದಲೇ ಸವೆಯಬೇಕು. ಗಜ್ಜರಿಯನ್ನು ಚಿತ್ರಪುಸ್ತಕಗಳು ಮೊಲದ ಮುಖ್ಯ ಆಹಾರವೆಂದು ತೋರಿಸಿ ಅನ್ಯಾಯ ಮಾಡಿವೆ. ಅದು ಬೆರಳ ತುದಿಯಷ್ಟು, ಅಪರೂಪಕ್ಕೆ ಕೊಡುವ ಸಿಹಿ. ರೊಟ್ಟಿ, ಬಿಸ್ಕತ್ತು, ಚುರುಮುರಿ ಖಂಡಿತ ಬೇಡ. ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆಗಳನ್ನು ಪುಡಿಮಾಡಿ ಕೊಡಬಾರದು. ಅಮಾಕ್ಸಿಸಿಲಿನ್‌ನಂಥ ಸಾಮಾನ್ಯ ಜೀವಿರೋಧಕ ಬಾಯಿಯ ಮೂಲಕ ಕೊಟ್ಟರೆ ಮೊಲದ ಕರುಳಿನ ಸೂಕ್ಷ್ಮಜೀವಿಗಳು ನಾಶವಾಗಿ ಅದು ಸಾಯಬಹುದು. ನಮ್ಮ ಕಷಾಯಗಳ ವಿಷಯದಲ್ಲಿಯೂ ಇದೇ ಮಾತು. ನಾವು ಮನುಷ್ಯರ ವೈದ್ಯರು.

ಹೊಸದನ್ನು ತರುವ ಮುನ್ನ ಮೊಲದ ಚಿಕಿತ್ಸೆ ಬಲ್ಲ ಪಶುವೈದ್ಯರು ಎಷ್ಟು ದೂರದಲ್ಲಿದ್ದಾರೆಂದು ವಿಚಾರಿಸಬೇಕು. ಬೆಂಗಳೂರಿನ ಹೆಬ್ಬಾಳ, ಬೀದರ, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯಗಳಿವೆ. ಹೆಣ್ಣು ಮೊಲಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಉತ್ತಮ, ಇಲ್ಲವಾದರೆ ವಯಸ್ಸಾದಂತೆ ಗರ್ಭಾಶಯದ ಅರ್ಬುದ ಕಾಣಿಸಿಕೊಳ್ಳುವುದು ಸಾಮಾನ್ಯ. ಗಂಡು ಹೆಣ್ಣು ಕೂಡಿಟ್ಟರೆ ಸುಮಾರು 31 ದಿನಕ್ಕೊಂದು ಸೂಲು ಆದೀತೆಂಬುದು ನೆನಪಿರಲಿ. ಆ ಮರಿಗಳಿಗೆಲ್ಲ ಮನೆ ಹುಡುಕುವ ಭಾರವೂ ನಿಮ್ಮದೇ.

ನಮ್ಮ ರೈತಬಂಧುಗಳಿಗೆ ಒಂದು ಮಾತು. ಜೋಳದ ಕೊಯ್ಲಿನ ವೇಳೆಗೆ ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು, ದುಃಖದಲ್ಲಿರುವ ಮಕ್ಕಳ ಸಮಾಧಾನಕ್ಕೆಂದು ಮನೆಗೆ ತರುವುದುಂಟು. ಅದು ಸಾಕುಮೊಲದ ಜಾತಿಯದೇ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಅದಕ್ಕಿದೆ, ಹಿಡಿಯುವುದೂ ಸಾಕುವುದೂ ಅಪರಾಧ. ಮರಿ ಒಂಟಿಯಾಗಿ ಬಿದ್ದಿದೆಯೆಂದರೆ ತಾಯಿ ಬಿಟ್ಟುಹೋಗಿದೆಯೆಂದು ಅರ್ಥವಲ್ಲ. ತಾಯಿಮೊಲ ಹಗಲೆಲ್ಲ ದೂರವಿದ್ದು, ಕತ್ತಲಾದ ಮೇಲೆ ಬಂದು ಹಾಲೂಡಿಸಿ ಹೋಗುವುದೇ ಅದರ ರೀತಿ. ಇದ್ದಲ್ಲಿಯೇ ಬಿಡುವುದು, ಯಂತ್ರ ಬರುವ ಸಾಲಾದರೆ ಪಕ್ಕದ ಬದುವಿನ ಮರೆಗೆ ಸರಿಸುವುದು, ಇಷ್ಟೇ ನಾವು ಮಾಡಬೇಕಾದುದು.

ಉಳಿದ ಮೊಲಕ್ಕೆ ಜೊತೆ ತರುವುದಾದರೆ ಅವಸರ ಕೂಡದು. ನಾವು ಸಂತೆಯಿಂದ ತಂದು ಒಂದೇ ಪಂಜರಕ್ಕೆ ಬಿಟ್ಟು ಕೆಟ್ಟೆವು. ಹೊಸದನ್ನು ಎರಡು ವಾರ ಬೇರೆ ಕೋಣೆಯಲ್ಲಿಟ್ಟು, ಕಜ್ಜಿ, ಗಜಕರ್ಣ, ನೆಗಡಿಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಗಜಕರ್ಣ ಮಕ್ಕಳ ಚರ್ಮಕ್ಕೂ ಹತ್ತುತ್ತದೆ. ಆಮೇಲೆ ಪಂಜರಗಳನ್ನು ಅಕ್ಕಪಕ್ಕದಲ್ಲಿ, ಕಚ್ಚಲು ಎಟುಕದಂತೆ, ಇರಿಸಬೇಕು. ಹಾಸುಬಟ್ಟೆಗಳನ್ನು ಅದಲುಬದಲು ಮಾಡಿದರೆ ಒಂದರ ವಾಸನೆ ಇನ್ನೊಂದಕ್ಕೆ ರೂಢಿಯಾಗುತ್ತದೆ. ಮೊದಲ ಭೇಟಿ ಎರಡಕ್ಕೂ ಹೊಸದಾದ ಜಾಗದಲ್ಲಿ, ಹತ್ತು ನಿಮಿಷ ಮಾತ್ರ. ಹಳೆಯ ಮೊಲ ತನ್ನ ಜಾಗವನ್ನು ಕಾಯುತ್ತದೆ, ಅದು ಅದರ ದುಷ್ಟತನವಲ್ಲ. ಸಂತಾನಹರಣವಾದ ಗಂಡು ಹೆಣ್ಣಿನ ಜೋಡಿ ಬೇಗ ಹೊಂದಿಕೊಳ್ಳುತ್ತದೆ, ಎರಡು ಗಂಡುಗಳು ರಕ್ತ ಬರುವಂತೆ ಕಾದಾಡುತ್ತವೆ. ಕೆಲವಕ್ಕೆ ವಾರ ಸಾಕು, ಕೆಲವಕ್ಕೆ ತಿಂಗಳುಗಳೇ ಬೇಕು. ಕಿವಿ ಹಿಡಿದು ಎತ್ತುವ ಅಭ್ಯಾಸವನ್ನು ಮಕ್ಕಳಿಗೆ ಮೊದಲ ದಿನವೇ ಬಿಡಿಸಬೇಕು. ಹಿಂಗಾಲುಗಳಿಗೆ ಆಧಾರವಿಲ್ಲದೆ ಒದೆದಾಡಿದರೆ ಮೊಲದ ಬೆನ್ನೆಲುಬೇ ಮುರಿಯಬಹುದು.

ಶ್ರಾವಣದಲ್ಲಿ ಮೊಮ್ಮಗಳು ತಾನಾಗಿಯೇ, ಎಳ್ಳಿಗೆ ಜೊತೆ ಬೇಕು ಎಂದಳು. ತನಗೆ ಬೇಕೆಂದು ಹೇಳಲಿಲ್ಲ. ನಗರದಲ್ಲಿ ಮನೆ ಬದಲಿಸುತ್ತಿದ್ದ ಕುಟುಂಬವೊಂದು ಬಿಟ್ಟುಕೊಟ್ಟ, ಸಂತಾನಹರಣವಾಗಿದ್ದ ಮೂರು ವರ್ಷದ ಕಂದುಬಣ್ಣದ ಗಂಡು ಮೊಲವನ್ನು ತಂದಿದ್ದೇವೆ. ಹೆಸರು ಅದಕ್ಕೆ ಮೊದಲೇ ಇತ್ತು, ಬದಲಿಸಲಿಲ್ಲ. ಎರಡು ವಾರದ ಪ್ರತ್ಯೇಕವಾಸ ಮುಗಿದು, ಪಡಸಾಲೆಯಲ್ಲಿ ಎರಡೂ ಪಂಜರಗಳು ಒಂದು ಗೇಣು ಅಂತರದಲ್ಲಿವೆ. ನಿನ್ನೆ ಎರಡೂ ಒಂದೇ ಹೊತ್ತಿಗೆ ಹುಲ್ಲು ತಿಂದವು. ಮುಂದಿನ ಸೋಮವಾರ ಮಾಳಿಗೆಯ ಕೋಣೆಯಲ್ಲಿ ಮೊದಲ ಭೇಟಿ ಮಾಡಿಸಬೇಕೆಂದು ಸೊಸೆ ಹೇಳಿದ್ದಾಳೆ.